ಒಂದೇ ಹೆಸರು, ಒಂದೇ ವಿಳಾಸ



ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರರಲ್ಲಿ ಯಾವ ಊರಿನಿಂದಲಾದರೂ ಸರಿ, ಬೆಂಗಳೂರಿನ ರಾತ್ರಿ ಬಸ್ಸಿಗೆ ಸೀಟು ಕಾದಿರಿಸಬೇಕು ಅಂದುಕೊಳ್ಳಿ. ಈಗ ಬಸ್ ನಿಲ್ದಾಣದ ಕಿಟಕಿಯ ಮುಂದೆ ನಿಲ್ಲಬೇಕಾಗಿಲ್ಲ. ಮೊಬೈಲಿನಲ್ಲಿ ಕೆ ಎಸ್ ಆರ್ ಟಿ ಸಿ ಡಾಟ್ ಇನ್ ಎಂದು ಬರೆದರೆ ಸಾಕು. ಬಸ್ಸು ನಮ್ಮ ವಾಯವ್ಯ ಕರ್ನಾಟಕ ಸಾರಿಗೆಯದ್ದಾದರೂ ಟಿಕೆಟ್ಟು ಆ ವಿಳಾಸದಲ್ಲಿ ಸಿಗುತ್ತದೆ. ಕೆ, ಎಸ್, ಆರ್, ಟಿ, ಸಿ. ಬರೀ ಐದು ಅಕ್ಷರ. ಈ ಐದು ಅಕ್ಷರಕ್ಕಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ವ್ಯಾಜ್ಯ ನಡೆಸಿದವು.

ಅಂತರಜಾಲದಲ್ಲಿ ಒಂದು ಅಂಗಡಿಗೋ ಕಂಪನಿಗೋ ಇರುವ ವಿಳಾಸಕ್ಕೆ ಡೊಮೇನ್ ಹೆಸರು ಎನ್ನುತ್ತಾರೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಉದ್ದುದ್ದ ಅಂಕಿ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕಾಗಿ ಅಂಕಿಯ ಬದಲಿಗೆ ಒಂದು ಹೆಸರು. ಹೆಸರಿನ ಕೊನೆಗೆ ಡಾಟ್ ಕಾಮ್ ಅಂತಲೋ ಡಾಟ್ ಇನ್ ಅಂತಲೋ ಒಂದು ಬಾಲ. ಈ ಹೆಸರಿನ ಒಡೆಯ ಯಾರು? ಒಂದೇ ಹೆಸರಿನ ಇಬ್ಬರಿದ್ದರೆ ಅದು ಯಾರಿಗೆ ಸೇರಬೇಕು? ಇವತ್ತಿನ ಮಾತೆಲ್ಲ ಇದೊಂದರ ಸುತ್ತ.

ಮೊದಲು ಆ ಬಸ್ಸಿನ ಕಥೆಯನ್ನೇ ಪೂರ್ತಿ ಮಾಡೋಣ. ತಿರುವಾಂಕೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಓಡಾಡತೊಡಗಿದ್ದು 1938ರಲ್ಲಿ. ಮುಂದೆ ಕೇರಳ ರಾಜ್ಯವಾಯಿತು. 1965ರಲ್ಲಿ ಅಲ್ಲಿ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಕೇರಳ ಸ್ಟೇಟ್ ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್. ಚುಟುಕಾಗಿ ಕೆಎಸ್‌ಆರ್‌ಟಿಸಿ. ನಮ್ಮಲ್ಲಿ ಮೈಸೂರು ಸರ್ಕಾರ 1948ರಲ್ಲಿ ಸುಮಾರು 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. ಆಗ ಅದರ ಹೆಸರಿನಲ್ಲಿ ಇದ್ದದ್ದು ಮೈಸೂರು. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ನಿಗಮದ ಹೆಸರಿನಲ್ಲೂ ಎಂ ಹೋಗಿ ಕೆ ಕೂತಿತು. ಹೀಗೆ ನೆರೆಹೊರೆಯ ಎರಡು ರಾಜ್ಯಗಳಿಗೆ ಒಂದೇ ಚುಟುಕು ಹೆಸರು ಬಂತು. ಇದರಲ್ಲಿ ಯಾರೂ ಯಾರದನ್ನೂ ಕದ್ದಿಲ್ಲ. ಎರಡು ರಾಜ್ಯಗಳ ಹೆಸರೂ ಇಂಗ್ಲಿಷಿನ ಒಂದೇ ಅಕ್ಷರದಿಂದ ಶುರುವಾಗುತ್ತದೆ, ಅಷ್ಟೇ ಕಾರಣ.

ರಸ್ತೆಯ ಮೇಲೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಮಂಗಳೂರು ಮತ್ತು ಕಾಸರಗೋಡಿನ ನಡುವೆ ಎರಡೂ ಕೆಎಸ್‌ಆರ್‌ಟಿಸಿಗಳ ಬಸ್ಸು ಓಡುತ್ತವೆ. ಒಂದರ ಹಿಂದೆ ಒಂದು ಬರುತ್ತವೆ. ಬಸ್ಸಿನ ಬಣ್ಣ ಬೇರೆ, ಬೋರ್ಡಿನ ಅಕ್ಷರ ಬೇರೆ, ಕಂಡಕ್ಟರು ಕೂಗುವ ಧಾಟಿ ಬೇರೆ. ಕಾಸರಗೋಡಿನ ಕನ್ನಡಿಗರು ಯಾವ ಗೊಂದಲವೂ ಇಲ್ಲದೆ ಯಾವುದು ಮೊದಲು ಬಂತೋ ಅದನ್ನು ಹತ್ತುತ್ತಾರೆ.

ಅಂತರಜಾಲದಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಬಣ್ಣವಿಲ್ಲ, ಬೋರ್ಡಿಲ್ಲ, ಕೂಗುವವರಿಲ್ಲ. ಬೆರಳಿನಿಂದ ಒತ್ತುವ ಐದು ಅಕ್ಷರ ಮಾತ್ರ ಇದೆ. ಕೆಎಸ್‌ಆರ್‌ಟಿಸಿ ಡಾಟ್ ಇನ್ ಎಂಬ ವಿಳಾಸ ಇರುವುದು ಒಂದೇ. ಅದು ಕರ್ನಾಟಕದ ಕೈಯಲ್ಲಿದೆ. ಕೇರಳದ ಬಸ್ಸು ಹುಡುಕುವ ಪ್ರವಾಸಿಯೂ ಆ ಅಕ್ಷರಗಳನ್ನು ಬರೆದರೆ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಕೇರಳದವರಿಗೆ ಇದು ನೋವಾಗಿದ್ದರೆ ಆಶ್ಚರ್ಯವಿಲ್ಲ. ಹೆಸರನ್ನು ಮೊದಲು ಬಳಸಿದವರು ಅವರು. ವಿಳಾಸ ಹಿಡಿದವರು ನಾವು.

2014ರಲ್ಲಿ ಕರ್ನಾಟಕದ ಸಂಸ್ಥೆ ಕೇರಳಕ್ಕೆ ನೋಟಿಸು ಕೊಟ್ಟಿತು. ಈ ಹೆಸರು ಟ್ರೇಡ್‌ಮಾರ್ಕ್ ಆಗಿ ನಮ್ಮಲ್ಲಿ ನೋಂದಣಿಯಾಗಿದೆ, ನೀವು ಬಳಸಬೇಡಿ ಎಂಬುದು ಅದರ ತಿರುಳು. ಕೇರಳ ಸುಮ್ಮನಿರಲಿಲ್ಲ. 1965ರಿಂದ ಬಳಸುತ್ತಿರುವವರು ನಾವು ಎಂದು ದಾಖಲೆ ಹಿಡಿದು ಹೊರಟಿತು. 2021ರ ಜೂನ್‌ನಲ್ಲಿ, ಹೆಸರು ತನಗೇ ದಕ್ಕಿತು ಎಂದು ಕೇರಳ ಘೋಷಿಸಿತು. ನಮ್ಮ ಬಳಕೆಗೆ ಯಾವ ತಡೆಯೂ ಬಂದಿಲ್ಲ ಎಂದು ಕರ್ನಾಟಕ ಉತ್ತರ ಕೊಟ್ಟಿತು. ಕೊನೆಗೆ ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಆ ನ್ಯಾಯಾಲಯ ಕೇರಳದ ಅರ್ಜಿಯನ್ನು ವಜಾ ಮಾಡಿತು. ಕರ್ನಾಟಕ ಆ ಹೆಸರನ್ನು ಬಳಸುತ್ತ ಹೋಗಲು ಅಡ್ಡಿ ಉಳಿಯಲಿಲ್ಲ. ಎರಡೂ ಕಡೆಯ ಬಸ್ಸುಗಳು ಮೊದಲಿನ ಹಾಗೇ ಓಡುತ್ತಿವೆ. ಇಷ್ಟಕ್ಕೆ ಸುಮಾರು 9 ವರ್ಷ ಹಿಡಿಯಿತು. ಎರಡೂ ಸಾರ್ವಜನಿಕ ಸಂಸ್ಥೆಗಳು. ಎರಡೂ ಕಡೆ ಖರ್ಚಾದದ್ದು ಪ್ರಯಾಣಿಕರ ಹಣ. ಮೊದಲ ದಿನವೇ ಇಬ್ಬರೂ ಕೂತು ಮಾತಾಡಿ, ನಮ್ಮ ತಾಣದಲ್ಲಿ ನಿಮ್ಮ ತಾಣಕ್ಕೊಂದು ದಾರಿ, ನಿಮ್ಮದರಲ್ಲಿ ನಮ್ಮದಕ್ಕೊಂದು ದಾರಿ ಎಂದು ತೀರ್ಮಾನಿಸಿದ್ದರೆ ಸಾಕಿತ್ತು. ಇದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದು ಇಬ್ಬರೂ ಪ್ರಾಮಾಣಿಕರಾಗಿದ್ದ ಜಗಳದ ಕಥೆ. ಒಂದೇ ಹೆಸರು ತಾನಾಗಿ ಇಬ್ಬರಿಗೂ ಬಂದದ್ದು. ಈಗ ಇನ್ನೊಂದು ಬಗೆಯ ವ್ಯಾಜ್ಯ. ಹೆಸರು ಒಂದೇ ಅಲ್ಲ, ಆದರೆ ಒಂದರ ಹಾಗೇ ಇನ್ನೊಂದು ಕೇಳಿಸುತ್ತದೆ. ಇದೂ ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲೇ ಶುರುವಾದದ್ದು. ಇಡೀ ದೇಶಕ್ಕೆ ದಾರಿ ತೋರಿದ ತೀರ್ಪು ಇದರಿಂದ ಬಂತು.

ಸತ್ಯಂ ಇನ್ಫೋವೇ ಎಂಬ ಕಂಪನಿ ಚೆನ್ನೈನದು. ಮನೆಮನೆಗೆ ಇಂಟರ್‌ನೆಟ್ ಕೊಡುವ ವ್ಯಾಪಾರ. ತನ್ನ ಹೆಸರಿನ ಎರಡು ಮಾತುಗಳಿಂದ ಅಕ್ಷರ ಹೆಕ್ಕಿ ಸಿಫಿ ಎಂಬ ಹೊಸ ಹೆಸರು ಕಟ್ಟಿಕೊಂಡಿತು. ನಿಘಂಟಿನಲ್ಲಿ ಇಲ್ಲದ ಹೆಸರು. 1999ರಲ್ಲಿ ಸಿಫಿನೆಟ್, ಸಿಫಿಮಾಲ್ ಮೊದಲಾದ ವಿಳಾಸಗಳನ್ನು ನೋಂದಾಯಿಸಿತು. ಅದೇ ವರ್ಷ ಅಮೆರಿಕದ ನಾಸ್‌ಡಾಕ್ ಷೇರುಪೇಟೆಗೂ ಹೋಯಿತು. ತನಗೆ ಸುಮಾರು 5 ಲಕ್ಷ ಗ್ರಾಹಕರಿದ್ದಾರೆ ಎಂದು ನ್ಯಾಯಾಲಯದ ಮುಂದೆ ಹೇಳಿತು. 2001ರಲ್ಲಿ ಇನ್ನೊಂದು ಕಂಪನಿ ಅಂತರಜಾಲದ ಮೂಲಕ ಮಾರಾಟದ ಕೆಲಸ ಶುರು ಮಾಡಿತು. ಅದು ಹಿಡಿದ ವಿಳಾಸ ಸಿಫ್ಫಿನೆಟ್. ಮೊದಲಿನವರ ಹೆಸರಿನಲ್ಲಿ ಒಂದು ಎಫ್. ಇವರ ಹೆಸರಿನಲ್ಲಿ ಎರಡು ಎಫ್. ಬಾಯಲ್ಲಿ ಹೇಳಿ ನೋಡಿ. ಸಿಫಿ. ಸಿಫ್ಫಿ. ಫೋನಿನಲ್ಲಿ ಕೇಳಿದವರಿಗೆ ವ್ಯತ್ಯಾಸ ತಿಳಿದೀತೇ?

ಸಿಫಿ ಬೆಂಗಳೂರಿನಲ್ಲಿ ದಾವೆ ಹೂಡಿತು. ಸಿವಿಲ್ ನ್ಯಾಯಾಲಯ ಎದುರು ಕಂಪನಿಗೆ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟು ಅದನ್ನು ತೆಗೆದುಹಾಕಿತು. ಇಬ್ಬರ ವ್ಯಾಪಾರ ಬೇರೆ ಬೇರೆ, ಎರಡನೆಯವರಿಗೂ ಸುಮಾರು 50 ಸಾವಿರ ಸದಸ್ಯರಿದ್ದಾರೆ, ಈಗ ನಿಲ್ಲಿಸಿದರೆ ಅವರಿಗೆ ಹೆಚ್ಚು ನಷ್ಟ ಎಂಬ ಲೆಕ್ಕ. ಸಿಫಿ ದೆಹಲಿಗೆ ಹೋಯಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ರದ್ದು ಮಾಡಿತು. ಮೊದಲಿನ ತಡೆಯಾಜ್ಞೆ ಮತ್ತೆ ಊರ್ಜಿತವಾಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ರುಮಾ ಪಾಲ್.

ಸಿಫ್ಫಿ ಕಂಪನಿಯ ವಾದವೂ ಕೇಳುವಂಥದ್ದು. ಐದು ಜನರ ಹೆಸರಿನ ಮೊದಲ ಅಕ್ಷರ ಸೇರಿಸಿ ಈ ಹೆಸರು ಮಾಡಿದೆವು, ಯಾರನ್ನೂ ನೋಡಿ ಬರೆದದ್ದಲ್ಲ ಎಂದರು. ನ್ಯಾಯಾಲಯಕ್ಕೆ ಅದು ನಂಬಿಕೆ ಹುಟ್ಟಿಸಲಿಲ್ಲ. ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಮೊದಲ ದಿನದಿಂದಲೇ ಕಾಗದದಲ್ಲಿ ಸಾಕ್ಷಿ ಇರಬೇಕು. ಜಗಳ ಬಂದ ಮೇಲೆ ಹೇಳುವ ಕಾರಣಕ್ಕೆ ತೂಕ ಕಡಿಮೆ. ವ್ಯಾಪಾರಕ್ಕೆ ಹೆಸರಿಡುವ ನಮ್ಮ ಮೂರೂ ಊರಿನ ಯುವಕ ಯುವತಿಯರು ಇದನ್ನು ನೆನಪಿಡಬೇಕು. ಹೆಸರು ಯಾವ ದಿನ ಆರಿಸಿದಿರಿ, ಏಕೆ ಆರಿಸಿದಿರಿ, ಮೊದಲ ಬಿಲ್ಲು ಯಾವಾಗ ಹರಿದಿರಿ, ಇವನ್ನೆಲ್ಲ ಒಂದು ಕಡೆ ಜೋಪಾನ ಮಾಡಿ.

ಆ ತೀರ್ಪಿನ ಮುಖ್ಯ ಮಾತು ಇನ್ನೊಂದಿದೆ. ಡೊಮೇನ್ ಹೆಸರು ಬರೀ ವಿಳಾಸವಲ್ಲ. ಅದು ವ್ಯಾಪಾರದ ಗುರುತೂ ಹೌದು. ಆದ್ದರಿಂದ ಟ್ರೇಡ್‌ಮಾರ್ಕಿಗೆ ಇರುವ ರಕ್ಷಣೆ ಅದಕ್ಕೂ ಇದೆ. ನಮ್ಮಲ್ಲಿ ಡೊಮೇನಿಗೆಂದೇ ಮಾಡಿದ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಒಬ್ಬರ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರಬಾರದು ಎಂಬ ಹಳೆಯ ನಿಯಮ ಇಲ್ಲಿಗೂ ಅನ್ವಯಿಸುತ್ತದೆ. ದೆಹಲಿ ಹೈಕೋರ್ಟು 1999ರಲ್ಲಿ ಯಾಹೂ ಇಂಡಿಯಾ ಎಂಬ ವಿಳಾಸದ ವಿಚಾರದಲ್ಲಿ ಹೀಗೇ ಹೇಳಿತ್ತು. ರೆಡಿಫ್ ಮತ್ತು ರ‍್ಯಾಡಿಫ್ ನಡುವಿನ ಜಗಳದಲ್ಲಿ ಬಾಂಬೆ ಹೈಕೋರ್ಟು ಹೇಳಿದ್ದೂ ಇದನ್ನೇ. ಈಗ ಸುಪ್ರೀಂ ಕೋರ್ಟಿನ ಮುದ್ರೆ ಬಿತ್ತು.

ಇನ್ನೊಂದು ವ್ಯತ್ಯಾಸವನ್ನೂ ಆ ತೀರ್ಪು ತಿಳಿಸುತ್ತದೆ. ಅಂಗಡಿಯ ಹೆಸರಿಗೆ ಊರಿನ ಎಲ್ಲೆ ಇದೆ. ಭಟ್ಕಳದಲ್ಲೊಂದು ಲಕ್ಷ್ಮೀ ಸ್ಟೋರ್ಸ್ ಇರಬಹುದು, ಕುಮಟಾದಲ್ಲೊಂದು ಇರಬಹುದು. ಇಬ್ಬರೂ ಹಾಯಾಗಿ ವ್ಯಾಪಾರ ಮಾಡಬಹುದು. ವಿಳಾಸಕ್ಕೆ ಆ ಎಲ್ಲೆ ಇಲ್ಲ. ಭಟ್ಕಳದ ಅಂಗಡಿಯನ್ನು ದುಬೈಯಲ್ಲಿ ಕೂತ ಅಣ್ಣ ತಮ್ಮಂದಿರೂ ನೋಡುತ್ತಾರೆ. ಹಾಗಾಗಿ ಲೋಕಕ್ಕೆಲ್ಲ ಸೇರಿ ಆ ವಿಳಾಸ ಒಬ್ಬರಿಗೇ ಸಿಗುತ್ತದೆ.

ಒಂದೇ ಹೆಸರಿನ ಜಗಳ ನೋಡಿದೆವು. ಹೋಲುವ ಹೆಸರಿನ ಜಗಳವನ್ನೂ ನೋಡಿದೆವು. ಈಗ ನಮ್ಮ ಹೆಸರನ್ನು ಯಾರಾದರೂ ಹಿಡಿದರೆ ಎಲ್ಲಿಗೆ ಹೋಗಬೇಕು ಎಂಬುದು.

ನ್ಯಾಯಾಲಯದ ದಾರಿ ಇದ್ದೇ ಇದೆ. ಅದಲ್ಲದೆ ಇನ್ನೆರಡು ದಾರಿಗಳಿವೆ. ಡಾಟ್ ಕಾಮ್ ಮುಂತಾದವಕ್ಕೆ ಐಕಾನ್ ಎಂಬ ಜಾಗತಿಕ ಸಂಸ್ಥೆ 1999ರಲ್ಲಿ ಒಂದು ನಿಯಮಾವಳಿ ಮಾಡಿತು. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವುದು ದೆಹಲಿಯ ನಿಕ್ಸಿ ಎಂಬ ಸಂಸ್ಥೆ. ಅದಕ್ಕೂ ಇಂಥದೇ ನಿಯಮಾವಳಿ ಇದೆ. ಎರಡರಲ್ಲೂ ತೀರ್ಮಾನ ಹೇಳುವವರು ಪಂಚರು. ದೂರು ಕೊಟ್ಟವರು ಮೂರು ವಿಷಯ ಸಾಬೀತು ಮಾಡಬೇಕು. ಆ ವಿಳಾಸ ನಮ್ಮ ಹೆಸರನ್ನು ಹೋಲುತ್ತದೆ. ಹಿಡಿದವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ. ಮತ್ತು ಅವರು ಅದನ್ನು ಹಿಡಿದದ್ದು ಕೆಟ್ಟ ಉದ್ದೇಶದಿಂದ. ಹೆಚ್ಚಿನ ಹಣಕ್ಕೆ ಮಾರಲೆಂದೋ, ನಮ್ಮ ಗಿರಾಕಿಗಳನ್ನು ಸೆಳೆಯಲೆಂದೋ.

ಈ ಮೂರನೆಯದರಲ್ಲೇ ಸಣ್ಣ ವ್ಯಾಪಾರಿಗಳು ಸೋಲುವುದು. ನಿಮ್ಮ ಹೆಸರಿನವರೇ ಇನ್ನೊಬ್ಬರು ಎಲ್ಲೋ ಇದ್ದಾರೆ. ಅವರೂ ನಿಮ್ಮ ಹಾಗೇ ಗೋಡಂಬಿಯನ್ನೋ ತೆಂಗಿನೆಣ್ಣೆಯನ್ನೋ ಮಾರುತ್ತಾರೆ. ನಿಮಗಿಂತ ಎರಡು ದಿನ ಮೊದಲು ವಿಳಾಸ ತೆಗೆದುಕೊಂಡರು. ಅವರಲ್ಲಿ ಕೆಟ್ಟ ಉದ್ದೇಶ ಇಲ್ಲ. ಅಲ್ಲಿಗೆ ನಿಮ್ಮ ದೂರು ಬಿದ್ದುಹೋಗುತ್ತದೆ. ಮತ್ತೆ ಖರ್ಚು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ಪಂಚರ ಮುಂದೆ ದೂರು ಕೊಡಲು ಶುಲ್ಕವೇ ಒಂದೂವರೆ ಸಾವಿರ ಡಾಲರ್. ನಮ್ಮ ರೂಪಾಯಿಯಲ್ಲಿ 1 ಲಕ್ಷಕ್ಕೂ ಮೇಲೆ. ವಕೀಲರ ಶುಲ್ಕ ಬೇರೆ. ವಿಳಾಸವನ್ನು ಮೊದಲೇ ತೆಗೆದುಕೊಂಡಿದ್ದರೆ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸಾವಿರ ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಪರಿಹಾರದ ದಾರಿ ಇದೆ, ಆದರೆ ಅದು ದುಬಾರಿ. ಇಷ್ಟು ತಿಳಿಯಿತು. ಈಗ ಎಲ್ಲಕ್ಕಿಂತ ಹೆಚ್ಚು ಕಿವಿಗೊಟ್ಟು ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ವಿಳಾಸದ ಒಡೆತನ ಎಂದರೆ ಏನು?

ಡೊಮೇನನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ಕೊಂಡೆವು ಎಂದು ಬಾಯಿಮಾತಿಗೆ ಹೇಳುತ್ತೇವೆ. ನಿಜದಲ್ಲಿ ಅದು ಗೇಣಿ. ನಮ್ಮ ಜಿಲ್ಲೆಯಲ್ಲಿ ಗೇಣಿ ಎಂದರೇನು ಎಂದು ಯಾರಿಗೂ ವಿವರಿಸಬೇಕಾಗಿಲ್ಲ. ಹಿರಿಯರು ಗೇಣಿ ಕೊಟ್ಟು ಗದ್ದೆ ಮಾಡಿದವರು. ಗೇಣಿ ತಪ್ಪಿದರೆ ಗದ್ದೆ ತಪ್ಪುತ್ತಿತ್ತು. ಡೊಮೇನಿನ ಲೆಕ್ಕವೂ ಅಷ್ಟೇ. ಒಂದು ವರ್ಷಕ್ಕೋ, ಹೆಚ್ಚೆಂದರೆ 10 ವರ್ಷಕ್ಕೋ ಹಣ ಕಟ್ಟಿ ಹೆಸರು ಹಿಡಿಯುವುದು. ಅವಧಿ ಮುಗಿಯುವ ಮೊದಲು ಮತ್ತೆ ಕಟ್ಟುವುದು. ಒಂದು ವ್ಯತ್ಯಾಸ ಮಾತ್ರ ಇದೆ. ಉಳುವವನೇ ಒಡೆಯ ಎಂಬ ಭೂಸುಧಾರಣೆ ಇಲ್ಲಿಗೆ ಬಂದಿಲ್ಲ. 20 ವರ್ಷ ಬಳಸಿದ ಹೆಸರಾದರೂ ಹಣ ಕಟ್ಟುವುದು ತಪ್ಪಿದರೆ ಕೈತಪ್ಪುತ್ತದೆ.

ಡಾಟ್ ಕಾಮ್ ವಿಳಾಸದ ಅವಧಿ ಮುಗಿದರೆ ಸಾಮಾನ್ಯವಾಗಿ ಒಂದು ತಿಂಗಳಷ್ಟು ವಿನಾಯಿತಿ ಸಿಗುತ್ತದೆ. ಇದು ನೋಂದಣಿ ಮಾಡಿಕೊಟ್ಟ ಕಂಪನಿಯ ನಿಯಮದ ಮೇಲೆ ನಿಂತದ್ದು. ಆಮೇಲೆ ಇನ್ನೊಂದು ತಿಂಗಳು ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ದಂಡ ಹಲವು ಪಟ್ಟು ಹೆಚ್ಚು. ಅದೂ ಕಳೆದು ಐದು ದಿನಕ್ಕೆ ಹೆಸರು ಬಿಡುಗಡೆಯಾಗುತ್ತದೆ. ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಕಾದು ಕೂತು ಹಿಡಿಯುವವರು ಲೋಕದ ತುಂಬ ಇದ್ದಾರೆ. ಅವರು ಹಿಡಿದ ಮೇಲೆ ನಿಮ್ಮ ಹಳೆಯ ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದರೂ ಬಂತು.

ಇನ್ನೂ ಒಂದು ದೊಡ್ಡ ಅಪಾಯ ನಮ್ಮ ಮನೆಯೊಳಗೇ ಇದೆ. ಕಾಸರಕೋಡಿನ ಸಮುದ್ರತೀರ, ಶರಾವತಿಯ ಕಾಂಡ್ಲಾ ಕಾಡು, ಗೋಕರ್ಣದ ದಾರಿ, ಹೀಗೆ ಎಲ್ಲ ಕಡೆ ಈಗ ಹೋಂಸ್ಟೇಗಳು ಎದ್ದಿವೆ. ಜಾಲತಾಣ ಮಾಡಿಸಬೇಕು. ಪರಿಚಯದ ಹುಡುಗನೊಬ್ಬ ಮಾಡಿಕೊಡುತ್ತಾನೆ. ವಿಳಾಸವನ್ನೂ ಅವನೇ ನೋಂದಾಯಿಸುತ್ತಾನೆ. ಯಾವ ಇಮೇಲಿನಿಂದ? ತನ್ನ ಇಮೇಲಿನಿಂದ. ಯಾರ ಹೆಸರಿಗೆ? ತನ್ನ ಹೆಸರಿಗೆ. ಅವನ ಮನಸ್ಸಿನಲ್ಲಿ ಮೋಸವಿಲ್ಲ, ಕೆಲಸ ಬೇಗ ಆಗಲಿ ಎಂಬ ಅವಸರ ಅಷ್ಟೇ. ಎರಡು ವರ್ಷ ಕಳೆದು ಅವನು ಬೆಂಗಳೂರಿಗೋ ಮಸ್ಕತ್ತಿಗೋ ಹೋಗುತ್ತಾನೆ. ಫೋನ್ ನಂಬರು ಬದಲಾಗುತ್ತದೆ. ಹಣ ಕಟ್ಟಿ ಎಂಬ ನೆನಪೋಲೆ ಅವನು ಯಾವತ್ತೂ ತೆರೆಯದ ಇಮೇಲಿಗೆ ಬರುತ್ತದೆ. ಇಲ್ಲಿ ಮನೆಯೊಡತಿಗೆ ಏನೂ ಗೊತ್ತಿಲ್ಲ. ಒಂದು ಬೆಳಿಗ್ಗೆ ತಾಣ ತೆರೆಯುವುದಿಲ್ಲ. ಕೇಳಲು ಹೋದರೆ ದಾಖಲೆಯಲ್ಲಿ ಅವಳ ಹೆಸರೇ ಇಲ್ಲ. ಗದ್ದೆ ನಮ್ಮದು, ಪಹಣಿ ಬೇರೆಯವರ ಹೆಸರಿಗೆ!

ಡೊಮೇನಿನ ಗೇಣಿಯ ಮಾತು ಮುಗಿಯಿತು. ಇನ್ನು ಊರಿನ ಹೆಸರಿನ ವಿಚಾರ.

ನಮ್ಮ ವ್ಯಾಪಾರಗಳಲ್ಲಿ ಬಹಳಷ್ಟಕ್ಕೆ ಊರಿನ ಹೆಸರೇ ಮುಂದಿರುತ್ತದೆ. ಭಟ್ಕಳ ಮಲ್ಲಿಗೆ. ಕುಮಟಾ ಸಿಹಿ ಈರುಳ್ಳಿ. ಇದು ಹಳೆಯ ರೂಢಿ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗು ಹತ್ತುತ್ತಿತ್ತು. ಬೊಂಬಾಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಬೆಳೆದದ್ದು ಎರೆಭೂಮಿಯಲ್ಲಿ, ಹೆಸರು ಬಂದದ್ದು ಬಂದರಿಗೆ. ಊರಿನ ಹೆಸರಿಗೆ ಅಂಥ ಬೆಲೆ ಇತ್ತು.

ಆದರೆ ಊರಿನ ಹೆಸರು ಎಲ್ಲರದು. ಬರೀ ಊರಿನ ಹೆಸರನ್ನು ಒಬ್ಬರೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಕಾನೂನು ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಕುಮಟಾ ಎಂಬುದರ ಮುಂದೆ ಈರುಳ್ಳಿ ಎಂದು ಸೇರಿಸಿ ಯಾರಾದರೂ ವಿಳಾಸ ಹಿಡಿದರೆ ಬೇರೆ ಬೆಳೆಗಾರರು ದೂರು ಕೊಟ್ಟು ಗೆಲ್ಲುವುದು ಕಷ್ಟ. ಕಾಗುಣಿತದ ತೊಡಕು ಬೇರೆ. ಇಂಗ್ಲಿಷಿನಲ್ಲಿ ಹೊನ್ನಾವರಕ್ಕೆ ಒಂದು ಎನ್ ಹಾಕುವವರೂ ಇದ್ದಾರೆ, ಎರಡು ಎನ್ ಹಾಕುವವರೂ ಇದ್ದಾರೆ. ಒಂದು ಎನ್ ನಿಮ್ಮದಾದರೆ ಎರಡು ಎನ್ ಇನ್ನೊಬ್ಬರದಾಗಬಹುದು. ಊರಿನ ಹೆಸರು ಸೇರಿಸಿ ವಿಳಾಸ ತೆಗೆದುಕೊಳ್ಳುವವರು ಎರಡು ಬಗೆಯ ಕಾಗುಣಿತವನ್ನೂ ತೆಗೆದುಕೊಳ್ಳುವುದು ಕ್ಷೇಮ. ರೈತರ ಗುಂಪುಗಳು, ಸಹಕಾರಿ ಸಂಘಗಳು ಇಂಥ ಹೆಸರನ್ನು ಎಲ್ಲರ ಪರವಾಗಿ ತಾವೇ ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದೇ ಹೆಸರಿನ ಪ್ರಾಮಾಣಿಕರು ಇಬ್ಬರಿದ್ದಾಗ ಏನು ಮಾಡಬೇಕು? ಉತ್ತರ ನಮ್ಮ ಯಕ್ಷಗಾನದ ರಂಗದಲ್ಲೇ ಇದೆ. ಬಡಗುತಿಟ್ಟಿನಲ್ಲಿ ಇಬ್ಬರು ಹೆಸರಾಂತ ಕಲಾವಿದರು. ಇಬ್ಬರ ಹೆಸರೂ ರಾಮಚಂದ್ರ ಹೆಗಡೆ. ಒಬ್ಬರು ಚಿಟ್ಟಾಣಿ ರಾಮಚಂದ್ರ ಹೆಗಡೆ, 2012ರಲ್ಲಿ ಪದ್ಮಶ್ರೀ ಪಡೆದವರು. ಇನ್ನೊಬ್ಬರು ಕೊಂಡದಕುಳಿ ರಾಮಚಂದ್ರ ಹೆಗಡೆ. ಚಿಟ್ಟಾಣಿಯವರ ಆಟ ಅಂದರೆ ಯಾರೂ ಕೊಂಡದಕುಳಿಯವರನ್ನು ನೆನೆದು ಹೋಗುತ್ತಿರಲಿಲ್ಲ. ಊರಿನ ಹೆಸರು ಮುಂದೆ ಬಂತು, ಗೊಂದಲ ಮುಗಿಯಿತು. ಇಬ್ಬರ ಕೀರ್ತಿಗೂ ಕುಂದು ಬರಲಿಲ್ಲ. ಅಂತರಜಾಲದ ವಿಳಾಸಕ್ಕೂ ಇದು ಚೆನ್ನಾಗಿ ಒಗ್ಗುತ್ತದೆ. ಕೇರಳದ ಸಾರಿಗೆ ಸಂಸ್ಥೆ ತನ್ನ ತಾಣದ ವಿಳಾಸದಲ್ಲಿ ಕೇರಳ ಎಂಬ ಹೆಸರನ್ನು ಪೂರ್ತಿಯಾಗಿ ಸೇರಿಸಿಕೊಂಡದ್ದೂ ಈ ಬಗೆಯ ವಿವೇಕವೇ.

ಭಟ್ಕಳ ಅರ್ಬನ್, ಹೊನ್ನಾವರ ಅರ್ಬನ್, ಕುಮಟಾ ಅರ್ಬನ್. ಈ ಮೂರು ಸಹಕಾರಿ ಬ್ಯಾಂಕುಗಳ ಹೆಸರಿನಲ್ಲೂ ಊರೊಂದೇ ವ್ಯತ್ಯಾಸ. ಬ್ಯಾಂಕಿನ ವಿಷಯದಲ್ಲಿ ಹೋಲುವ ಹೆಸರಿನ ವಿಳಾಸ ಬರೀ ವ್ಯಾಜ್ಯವಾಗಿ ಉಳಿಯುವುದಿಲ್ಲ, ಠೇವಣಿದಾರರ ಹಣಕ್ಕೇ ಕುತ್ತು. ಅದಕ್ಕೇ ರಿಸರ್ವ್ ಬ್ಯಾಂಕು 2025ರಲ್ಲಿ ಒಂದು ಆದೇಶ ಮಾಡಿತು. ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ ಕೊನೆಯೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುವ ವಿಳಾಸಕ್ಕೆ ಬರಬೇಕಿತ್ತು. ಈ ಬಾಲವನ್ನು ಬ್ಯಾಂಕಲ್ಲದ ಯಾರೂ ಪಡೆಯುವಂತಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಈ ನಿಯಮ ಇದೆ. ಬ್ಯಾಂಕಿನ ವಿಳಾಸ ಬರೆಯುವಾಗ ಕೊನೆಯ ಈ ಬಾಲವನ್ನು ನೋಡಿಯೇ ಮುಂದೆ ಹೋಗಿ. ಹೋಲುವ ಹೆಸರಿನ ತಾಣದಲ್ಲಿ ಹಣ ಹೋಯಿತು ಎಂದು ತಿಳಿದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಯದಾಗಿ ಎರಡು ವಿನಂತಿ.

ಒಂದು, ಅಂಗಡಿಯ ಯಜಮಾನರಿಗೆ, ಹೋಂಸ್ಟೇ ನಡೆಸುವ ಅಕ್ಕ ತಂಗಿಯರಿಗೆ, ಸಂಘದ ಕಾರ್ಯದರ್ಶಿಗಳಿಗೆ. ನಿಮ್ಮ ಜಾಲತಾಣ ಮಾಡಿಕೊಟ್ಟವರಿಗೆ ನಾಳೆ ಬೆಳಿಗ್ಗೆ ಒಂದು ಫೋನ್ ಮಾಡಿ. ವಿಳಾಸ ಯಾರ ಹೆಸರಿಗಿದೆ, ಯಾವ ಇಮೇಲಿಗಿದೆ, ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕೇಳಿ. ಉತ್ತರವನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ.

ಇನ್ನೊಂದು, ಜಾಲತಾಣ ಮಾಡಿಕೊಡುವ ನಮ್ಮ ಮೂರೂ ಊರಿನ ಹುಡುಗ ಹುಡುಗಿಯರಿಗೆ. ಕೆಲಸಕ್ಕೆ ತಕ್ಕ ಹಣ ತೆಗೆದುಕೊಳ್ಳಿ, ಅದು ನಿಮ್ಮ ಹಕ್ಕು. ಆದರೆ ವಿಳಾಸವನ್ನು ವ್ಯಾಪಾರದ ಒಡೆಯರ ಹೆಸರಿಗೇ, ಅವರ ಇಮೇಲಿಗೇ ನೋಂದಾಯಿಸಿ. ಪಾಸ್‌ವರ್ಡನ್ನು ಅವರ ಕೈಗೇ ಕೊಟ್ಟುಬನ್ನಿ. ಈಗಾಗಲೇ ನಿಮ್ಮ ಹೆಸರಿನಲ್ಲಿ ಉಳಿದಿರುವ ವಿಳಾಸಗಳನ್ನು ಈ ತಿಂಗಳೇ ಅವರ ಹೆಸರಿಗೆ ವರ್ಗ ಮಾಡಿಕೊಡಿ.